ಕೆಂಪು ಬಂದರೆ ನಿಲ್ಲಿ: ಫಂಕ್ಷನಲ್ ಪ್ರಾಜೆಕ್ಟ್‌ನಲ್ಲಿ ಟೆಸ್ಟ್ ಸೂಟ್ ಓಡಿಸುವ ಕ್ರಮ

(ಸಮ್ಮೇಳನದ ತಂತ್ರಜ್ಞಾನ ಗೋಷ್ಠಿಯಲ್ಲಿ ಮಾಡಿದ ಆಶಯ ಭಾಷಣದ ಬರಹ ರೂಪ)



ಸಂಘಟಕರು ಫೋನ್ ಮಾಡಿ ಮೂರು ಷರತ್ತು ಹಾಕಿದರು. ಒಂದು, ಭಾಷಣ ಕನ್ನಡದಲ್ಲೇ ಇರಬೇಕು. ಎರಡು, ಊಟದ ಹೊತ್ತಿಗೆ ಮುಗಿಯಬೇಕು. ಮೂರು, ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಕೆಲಸಕ್ಕೆ ಬರಬೇಕು. ಮೊದಲ ಎರಡಕ್ಕೆ ತಕ್ಷಣ ಒಪ್ಪಿದೆ. ಮೂರನೆಯದಕ್ಕೆ ಒಂದು ವಾರ ಯೋಚಿಸಿದೆ. ಕೊನೆಗೆ, ನಾನು ತಪ್ಪು ಮಾಡಿ ಕಲಿತ ಒಂದೇ ವಿಷಯವನ್ನು ಹೇಳಿಬಿಡೋಣ ಅಂತ ನಿರ್ಧರಿಸಿದೆ. ಸರಿ ಮಾಡಿದ್ದನ್ನು ಹೇಳಿಕೊಳ್ಳುವುದಕ್ಕೆ ಲಿಂಕ್ಡ್‌ಇನ್ ಇದ್ದೇ ಇದೆ.

ಇಲ್ಲಿ ಕುಳಿತವರಲ್ಲಿ ಮುಕ್ಕಾಲು ಪಾಲು ಜನ ಸಾಫ್ಟ್‌ವೇರ್‌ನವರು. ಫ್ರೀಮಾಂಟ್‌ನಿಂದಲೋ ಸ್ಯಾನ್ ರಮೋನ್‌ನಿಂದಲೋ ಹೊರಟು, 880ರಲ್ಲೋ 680ರಲ್ಲೋ ಕೂತು ಆಫೀಸು ಸೇರುವವರು. ಕೋಡ್ ಬರೆದು ಕಳಿಸಿದ ಮೇಲೆ ಪರದೆಯ ಮೇಲೆ ಒಂದು ಪುಟ್ಟ ಗುರುತು ಮೂಡುವುದನ್ನು ನೀವೆಲ್ಲ ದಿನಕ್ಕೆ ಹತ್ತು ಸಲ ಕಾಯುತ್ತೀರಿ. ಹಸಿರು ಬಂದರೆ ಮುಂದೆ, ಕೆಂಪು ಬಂದರೆ ತಲೆನೋವು. ಆ ಕೆಂಪು ಗುರುತಿನ ಪಕ್ಕದಲ್ಲೇ "ಮತ್ತೆ ಓಡಿಸು" ಎಂಬ ಗುಂಡಿಯೂ ಇರುತ್ತದೆ. ನನ್ನ ಇಂದಿನ ಮಾತು ಆ ಗುಂಡಿಯ ಬಗ್ಗೆ.

ಒಂದು ಗಂಟೆಯ ಕಥೆ

ನಾನು ಎಚ್‌-1ಬಿ ವೀಸಾದ ಮೇಲೆ ಸೌತ್ ಬೇಯ ಒಂದು ಸಣ್ಣ ಕಂಪನಿ ಸೇರಿ ಆರೇಳು ತಿಂಗಳಾಗಿತ್ತು. ಹೆಸರು ಬೇಡ, ಆ ಕಂಪನಿ ಈಗ ಇಲ್ಲ. ಗಂಟೆ ಲೆಕ್ಕದಲ್ಲಿ ದುಡಿಯುವವರ ಹಾಜರಿ ಮತ್ತು ಸಂಬಳದ ಲೆಕ್ಕ ಮಾಡುವ ಪ್ರೋಗ್ರಾಂ ನಮ್ಮದು. ಬರೆದದ್ದು ಹ್ಯಾಸ್ಕೆಲ್‌ನಲ್ಲಿ. ಕೆಲಸಗಾರ ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಪಂಚ್ ಮಾಡುತ್ತಾನೆ. ಎರಡರ ನಡುವಿನ ಸಮಯ ಎಷ್ಟು ಎಂದು ಒಂದು ಫಂಕ್ಷನ್ ಲೆಕ್ಕ ಹಾಕುತ್ತದೆ. ಅದಕ್ಕೆ ಒಂದು ಟೆಸ್ಟ್ ಇತ್ತು: ಯಾವುದಾದರೂ ಒಂದು ಕ್ಷಣ ಆರಿಸು, ಯಾವುದಾದರೂ ಒಂದು ಅವಧಿ ಆರಿಸು, ಆ ಕ್ಷಣಕ್ಕೆ ಬಂದು ಅಷ್ಟು ಹೊತ್ತು ದುಡಿದವನ ಪಂಚ್‌ಗಳನ್ನು ಕೊಟ್ಟರೆ ಫಂಕ್ಷನ್ ಅಷ್ಟೇ ಅವಧಿಯನ್ನು ಹೇಳಬೇಕು. ಇಷ್ಟೇ.

ಅಕ್ಟೋಬರ್ ತಿಂಗಳ ಒಂದು ಸಂಜೆ ಆ ಟೆಸ್ಟ್ ಕೆಂಪಾಯಿತು. ನಾನು ಮುಟ್ಟಿದ್ದು ಬೇರೆಯೇ ಫೈಲು. ಪಕ್ಕದ ಸೀಟಿನ ಹಿರಿಯ ಸಹೋದ್ಯೋಗಿಯನ್ನು ಕೇಳಿದೆ. "ಅದು ಯಾವಾಗಲೂ ಹಾಗೇ, ಐದಾರು ಸಲಕ್ಕೊಮ್ಮೆ ಬೀಳುತ್ತೆ. ಮತ್ತೆ ಓಡಿಸು" ಅಂದರು. ಓಡಿಸಿದೆ. ಹಸಿರಾಯಿತು. ಮನೆಗೆ ಹೋದೆ.

ನವೆಂಬರ್ ಮಧ್ಯದಲ್ಲಿ ನಮ್ಮ ಗ್ರಾಹಕ ಸಂಸ್ಥೆಯೊಂದರಿಂದ ದೂರು ಬಂತು. ಕಟ್ಟಡಗಳಿಗೆ ರಾತ್ರಿ ಕಾವಲುಗಾರರನ್ನು ಒದಗಿಸುವ ಸಂಸ್ಥೆ ಅದು. ದೂರಿನ ಜೊತೆ ಒಂದು ಫೋಟೋ. ಕಾವಲುಗಾರರೊಬ್ಬರು ತಮ್ಮ ಪಾಳಿಯನ್ನು ದಿನವೂ ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ನವೆಂಬರ್ ಮೊದಲ ಶನಿವಾರ ರಾತ್ರಿ 11ಕ್ಕೆ ಬಂದು ಭಾನುವಾರ ಬೆಳಿಗ್ಗೆ 7ಕ್ಕೆ ಹೋಗಿದ್ದರು. ಪಕ್ಕದಲ್ಲಿ 9 ಎಂದು ಬರೆದು ಸುತ್ತ ಗೆರೆ ಎಳೆದಿದ್ದರು. ನಮ್ಮ ಪ್ರೋಗ್ರಾಂ ಹೇಳಿದ್ದು 8.

ನಿಮಗೆ ಈಗಾಗಲೇ ಹೊಳೆದಿರಬೇಕು. ಇಲ್ಲಿ 2007ರಿಂದ ನವೆಂಬರ್ ಮೊದಲ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರವನ್ನು 1ಕ್ಕೆ ತಿರುಗಿಸುತ್ತಾರೆ. ನಾವು ಆ ರಾತ್ರಿ ಒಂದು ಗಂಟೆ ಹೆಚ್ಚು ನಿದ್ದೆ ಮಾಡುತ್ತೇವೆ. ರಾತ್ರಿ ಪಾಳಿಯವರು ಒಂದು ಗಂಟೆ ಹೆಚ್ಚು ದುಡಿಯುತ್ತಾರೆ. ಗೋಡೆ ಗಡಿಯಾರ ನೋಡಿ ಕಳೆದರೆ 8 ಗಂಟೆ, ನಿಜಕ್ಕೂ ನಿಂತದ್ದು 9 ಗಂಟೆ. ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 8 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಹಾಗಾಗಿ ಅವರಿಗೆ ಹೋದದ್ದು ಒಂದು ಗಂಟೆಯ ಕೂಲಿಯೂ ಅಲ್ಲ, ಒಂದೂವರೆ ಗಂಟೆಯ ಕೂಲಿ. ಅವರೊಬ್ಬರದ್ದೇ ಅಲ್ಲ, ಆ ರಾತ್ರಿ ನಮ್ಮ ಪ್ರೋಗ್ರಾಂನಲ್ಲಿ ಪಂಚ್ ಮಾಡಿದ ಎಲ್ಲರದ್ದೂ.

ಲೆಕ್ಕ ಸರಿಪಡಿಸಿದೆವು, ಬಾಕಿ ಸಂದಾಯವಾಯಿತು. ಆದರೆ ನನ್ನನ್ನು ಕಾಡಿದ್ದು ಬೇರೆ. ನಮ್ಮ ಟೆಸ್ಟ್ ಸೂಟ್ ಇದನ್ನೇ ತಿಂಗಳುಗಟ್ಟಲೆ ಹೇಳುತ್ತಿತ್ತು. ಪ್ರತಿ ಸಲವೂ ನಾವು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ್ದೆವು. ಅವರಲ್ಲಿ ನಾನೂ ಒಬ್ಬ.

ಅದು ಏಕೆ ಐದಾರು ಸಲಕ್ಕೊಮ್ಮೆ ಬೀಳುತ್ತಿತ್ತು?

ಆ ಟೆಸ್ಟ್ ಬರೆದದ್ದು ಕ್ವಿಕ್‌ಚೆಕ್ ಎಂಬ ಲೈಬ್ರರಿಯಲ್ಲಿ. ಸ್ವೀಡನ್‌ನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಪ್ರಕಟಿಸಿದ ಪುಟ್ಟ ಸಾಧನ ಇದು. ಅದರ ಹಿಂದಿನ ಯೋಚನೆ ಸರಳ. ನಾವು ಸಾಮಾನ್ಯವಾಗಿ ಟೆಸ್ಟ್ ಬರೆಯುವುದು ಉದಾಹರಣೆಗಳಿಂದ: ಬೆಳಿಗ್ಗೆ 9ಕ್ಕೆ ಬಂದು ಸಂಜೆ 5ಕ್ಕೆ ಹೋದರೆ 8 ಗಂಟೆ. ಹೀಗೆ ಹತ್ತು ಉದಾಹರಣೆ ಬರೆಯುತ್ತೇವೆ. ಹತ್ತೂ ನಮಗೆ ಹೊಳೆದವು. ಬಗ್ ಇರುವುದೇ ನಮಗೆ ಹೊಳೆಯದ ಜಾಗದಲ್ಲಿ. ಕ್ವಿಕ್‌ಚೆಕ್ ಹೇಳುವುದು: ಉದಾಹರಣೆ ನನಗೆ ಬಿಡು, ನೀನು ನಿಯಮ ಹೇಳು. ಎಲ್ಲ ಸಂದರ್ಭದಲ್ಲೂ ನಿಜವಾಗಬೇಕಾದ ಒಂದು ಮಾತನ್ನು ನಾವು ಬರೆದುಕೊಟ್ಟರೆ, ಅದು ಯಾದೃಚ್ಛಿಕವಾಗಿ ನೂರು ಉದಾಹರಣೆ ಹುಟ್ಟಿಸಿ ಒಂದೊಂದನ್ನೂ ಪರೀಕ್ಷಿಸುತ್ತದೆ. ಇಂದು ಈ ಉಪಾಯ ಹ್ಯಾಸ್ಕೆಲ್‌ಗೆ ಸೀಮಿತವಲ್ಲ. ಸ್ಕಾಲಾದವರಿಗೆ ಸ್ಕಾಲಾಚೆಕ್, ಎಫ್ ಶಾರ್ಪ್‌ನವರಿಗೆ ಎಫ್‌ಎಸ್‌ಚೆಕ್, ಎರ್ಲಾಂಗ್‌ನವರಿಗೆ ಪ್ರೊಪರ್, ಪೈಥಾನ್‌ನವರಿಗೆ ಹೈಪಾಥಿಸಿಸ್ ಇದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ವರ್ಷಕ್ಕೆ 8760 ಗಂಟೆ. ಗಡಿಯಾರ ಬದಲಾಗುವುದು ಎರಡು ಸಲ, ಮಾರ್ಚ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ. ಪಾಳಿ 8 ಗಂಟೆಯದ್ದು ಎಂದುಕೊಂಡರೆ, ಬದಲಾವಣೆಗೆ ಹಿಂದಿನ 8 ಗಂಟೆಯೊಳಗೆ ಶುರುವಾದ ಪಾಳಿ ಮಾತ್ರ ಅದನ್ನು ದಾಟುತ್ತದೆ. ಅಂದರೆ 8760ರಲ್ಲಿ 16, ಸುಮಾರು 550ಕ್ಕೆ ಒಂದು. ಒಂದು ಉದಾಹರಣೆ ತಪ್ಪು ಹಿಡಿಯುವ ಸಾಧ್ಯತೆ ಇಷ್ಟು ಕಡಿಮೆ. ಆದರೆ ಒಂದು ಓಟಕ್ಕೆ ನೂರು ಉದಾಹರಣೆ. ನೂರರಲ್ಲಿ ಒಂದಾದರೂ ಆ ರಾತ್ರಿಗೆ ಬೀಳುವ ಸಾಧ್ಯತೆ ಸುಮಾರು ಶೇ. 17. ಆರು ಸಲಕ್ಕೊಮ್ಮೆ!

"ಐದಾರು ಸಲಕ್ಕೊಮ್ಮೆ ಬೀಳುತ್ತೆ" ಅಂದರಲ್ಲ ಆ ಹಿರಿಯರು, ಅವರ ಅಂದಾಜು ಕರಾರುವಾಕ್ಕಾಗಿತ್ತು. ಅದನ್ನು ಯಾರೂ ಲೆಕ್ಕವಾಗಿ ನೋಡಲಿಲ್ಲ ಅಷ್ಟೆ. ಕೆಂಪು ಬಂದ ಮೇಲೆ ಮತ್ತೆ ಓಡಿಸಿದರೆ ಆರರಲ್ಲಿ ಐದು ಸಲ ಹಸಿರು ಬರುತ್ತದೆ. ತಪ್ಪು ಹೋಗಿರುವುದಿಲ್ಲ. ಹೊಸ ನೂರು ಉದಾಹರಣೆಗಳು ಅದರ ಮೇಲೆ ಬೀಳದೆ ಅಕ್ಕಪಕ್ಕ ಬಿದ್ದಿರುತ್ತವೆ.

ಇಡ್ಲಿ ಹಿಟ್ಟು ಮತ್ತು ಶುದ್ಧ ಫಂಕ್ಷನ್

"ಆದರೆ ಸಾರ್, ಕೆಲವು ಟೆಸ್ಟ್ ನಿಜವಾಗಿಯೂ ಸುಮ್ಮಸುಮ್ಮನೆ ಬೀಳುತ್ತವಲ್ಲ?" ಎಂದು ನೀವು ಕೇಳಬಹುದು. ಬೀಳುತ್ತವೆ. ಯಾವುದು ಸುಮ್ಮನೆ ಬಿದ್ದದ್ದು, ಯಾವುದು ಅಲ್ಲ ಎಂದು ಹೇಗೆ ತಿಳಿಯುವುದು? ಫಂಕ್ಷನಲ್ ಪ್ರೋಗ್ರಾಮಿಂಗ್‌ನ ನಿಜವಾದ ಉಪಯೋಗ ನನಗೆ ಕಂಡದ್ದು ಇಲ್ಲೇ.

ಇಡ್ಲಿ ಹಿಟ್ಟನ್ನು ನೆನಪಿಸಿಕೊಳ್ಳಿ. ಎರಡು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ. ಊರಿನಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಪಾತ್ರೆ ಮೀರಿ ಉಬ್ಬಿರುತ್ತಿತ್ತು. ಅದೇ ಅಳತೆ, ಅದೇ ಕೈ, ಆದರೆ ಜನವರಿಯಲ್ಲಿ ಸನಿವೇಲ್‌ನ ಅಡುಗೆಮನೆಯಲ್ಲಿ ಹಿಟ್ಟು ಕದಲುವುದಿಲ್ಲ. ಏಕೆಂದರೆ ಫಲಿತಾಂಶ ಅಕ್ಕಿ ಬೇಳೆಯನ್ನು ಮಾತ್ರ ಅವಲಂಬಿಸಿಲ್ಲ, ಹವೆಯನ್ನೂ ಅವಲಂಬಿಸಿದೆ. ಹವೆ ನಮ್ಮ ಅಳತೆಯ ಪಟ್ಟಿಯಲ್ಲಿ ಇಲ್ಲ. ಇಂಥ ಫಂಕ್ಷನ್ ಅಶುದ್ಧ. ಅಳತೆ ಹಾಗಲ್ಲ. ಎರಡು ಲೋಟಕ್ಕೆ ಒಂದು ಲೋಟವಾದರೆ ಆರು ಲೋಟಕ್ಕೆ ಮೂರು ಲೋಟ, ಮಂಡ್ಯದಲ್ಲೂ ಅಷ್ಟೇ, ಮಿಲ್ಪಿಟಾಸ್‌ನಲ್ಲೂ ಅಷ್ಟೇ. ಒಂದೇ ಒಳಸುರಿಗೆ ಯಾವಾಗಲೂ ಒಂದೇ ಉತ್ತರ. ಇದು ಶುದ್ಧ ಫಂಕ್ಷನ್.

ಶುದ್ಧ ಫಂಕ್ಷನ್‌ನ ಟೆಸ್ಟ್ ಬಿದ್ದರೆ ಅದಕ್ಕೆ ಹವೆಯ ನೆಪ ಇರುವುದಿಲ್ಲ. ನೆಟ್‌ವರ್ಕ್ ನಿಧಾನವಿತ್ತು, ಡೇಟಾಬೇಸ್‌ನಲ್ಲಿ ಹಿಂದಿನ ಟೆಸ್ಟಿನ ಕಸ ಉಳಿದಿತ್ತು, ಪಕ್ಕದ ಥ್ರೆಡ್ ಮೊದಲು ಓಡಿತು ಎಂಬ ಯಾವ ಸಬೂಬೂ ನಡೆಯುವುದಿಲ್ಲ. ಆ ಒಳಸುರಿಗೆ ಈ ಉತ್ತರ ತಪ್ಪು, ನಾಳೆಯೂ ತಪ್ಪು, ನನ್ನ ಲ್ಯಾಪ್‌ಟಾಪಿನಲ್ಲೂ ತಪ್ಪು. ನಮ್ಮ ಗಂಟೆ ಲೆಕ್ಕದ ಫಂಕ್ಷನ್ ಶುದ್ಧವಾಗಿತ್ತು. ಅದರ ಟೈಪ್ ನೋಡಿದರೇ ಗೊತ್ತಾಗುತ್ತಿತ್ತು, ಹೊರಗಿನ ಲೋಕವನ್ನು ಮುಟ್ಟುವ ಐಒ ಅದರಲ್ಲಿ ಇರಲಿಲ್ಲ. ಆ ಒಂದು ಸಾಲು ಓದಿದ್ದರೆ "ಇದು ಚಂಚಲ ಟೆಸ್ಟ್ ಆಗಿರಲು ಸಾಧ್ಯವೇ ಇಲ್ಲ" ಎಂದು ನಾನು ಆ ಸಂಜೆಯೇ ಹೇಳಬಹುದಿತ್ತು.

ಹಾಗಾದರೆ ಅಶುದ್ಧವಾದದ್ದನ್ನು ಏನು ಮಾಡುವುದು? ಚಳಿಗಾಲದಲ್ಲಿ ನಾವು ಹಿಟ್ಟನ್ನು ಅವನ್ ಒಳಗಿಟ್ಟು ದೀಪ ಹಚ್ಚುತ್ತೇವಲ್ಲ, ಹಾಗೆ. ಹವೆಯನ್ನು ನಾವೇ ಒದಗಿಸುತ್ತೇವೆ. ಈಗಿನ ಸಮಯ ಬೇಕಾದ ಫಂಕ್ಷನ್ ತಾನೇ ಗಡಿಯಾರ ನೋಡದಿರಲಿ, ಸಮಯವನ್ನು ಒಳಸುರಿಯಾಗಿ ಪಡೆಯಲಿ. ಫೈಲ್ ಓದುವುದು, ನೆಟ್‌ವರ್ಕ್ ಮುಟ್ಟುವುದು ಎಲ್ಲ ಹೊರಗಿನ ತೆಳು ಪದರಕ್ಕೆ ಸೇರಲಿ. ಬಾಳೆಹಣ್ಣಿನ ಹಾಗೆ: ಸಿಪ್ಪೆ ತೆಳುವಾಗಿರಲಿ, ತಿನ್ನುವುದೆಲ್ಲ ಒಳಗಿನ ತಿರುಳಿನಲ್ಲಿರಲಿ. ತಿರುಳಿನ ಟೆಸ್ಟ್‌ಗಳು ಒಂದನ್ನೊಂದು ಮುಟ್ಟುವುದಿಲ್ಲ. ಯಾವ ಕ್ರಮದಲ್ಲಿ ಬೇಕಾದರೂ ಓಡಬಹುದು, ಎಷ್ಟು ಕೋರ್ ಇದೆಯೋ ಅಷ್ಟನ್ನು ಒಟ್ಟಿಗೇ ಓಡಿಸಬಹುದು.

ಇದೇ ಊರಿನ ಒಂದು ದೊಡ್ಡ ಉದಾಹರಣೆ

ಇದು ಸಣ್ಣ ಕಂಪನಿಗಳ ಹವ್ಯಾಸ ಎಂದುಕೊಳ್ಳಬೇಡಿ. ಮೆನ್ಲೋ ಪಾರ್ಕ್‌ನ ಫೇಸ್‌ಬುಕ್‌ನಲ್ಲಿ ಸ್ಪ್ಯಾಮ್ ಮತ್ತು ಮೋಸದ ಸಂದೇಶಗಳನ್ನು ತಡೆಯುವ ಸಿಗ್ಮಾ ಎಂಬ ವ್ಯವಸ್ಥೆ ಇದೆ. ಅದರ ನಿಯಮಗಳನ್ನು ಮೊದಲು ಎಫ್‌ಎಕ್ಸ್‌ಎಲ್ ಎಂಬ ಅವರದೇ ಭಾಷೆಯಲ್ಲಿ ಬರೆಯುತ್ತಿದ್ದರು. ನಂತರ ಅದನ್ನು ಬಿಟ್ಟು ಹ್ಯಾಸ್ಕೆಲ್‌ಗೆ ಬಂದರು. ಆ ಕೆಲಸದಲ್ಲಿದ್ದ ಸೈಮನ್ ಮಾರ್ಲೋ 2015ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕೋರಿಕೆಗಳನ್ನು ನೋಡುವ ವ್ಯವಸ್ಥೆ ಅದು. ಇಂಥ ಕಡೆ ನಿಯಮ ಬದಲಿಸಿದರೆ ನಿಮಿಷಗಳಲ್ಲಿ ಎಲ್ಲ ಯಂತ್ರಗಳಿಗೂ ತಲುಪಬೇಕು, ಏಕೆಂದರೆ ಮೋಸ ಮಾಡುವವರು ನಮ್ಮ ಮುಂದಿನ ರಿಲೀಸ್‌ವರೆಗೆ ಕಾಯುವುದಿಲ್ಲ.

ಅಷ್ಟು ಬೇಗ ಕಳಿಸುವ ಧೈರ್ಯ ಎಲ್ಲಿಂದ ಬರುತ್ತದೆ? ಅವರು ಕೊಟ್ಟ ಕಾರಣಗಳಲ್ಲಿ ಮೊದಲನೆಯದೇ ಶುದ್ಧತೆ. ಒಂದು ನಿಯಮ ಇನ್ನೊಂದರ ಜೊತೆ ತಿಳಿಯದೆ ತಾಕಲಾಡುವುದಿಲ್ಲ, ಪ್ರತಿಯೊಂದನ್ನೂ ಬೇರೆಯಾಗಿಟ್ಟು ಪರೀಕ್ಷಿಸುವುದು ಸುಲಭ. ಟೈಪ್ ಸರಿಯಿಲ್ಲದ ಕೋಡ್ ರೆಪಾಸಿಟರಿಯೊಳಗೇ ಬರುವುದಿಲ್ಲ. ಹೊರಗಿನ ಡೇಟಾ ತರುವುದಕ್ಕೆ ಅವರು ಹ್ಯಾಕ್ಸಲ್ ಎಂಬ ಲೈಬ್ರರಿ ಬರೆದರು, 2014ರಲ್ಲಿ ಅದನ್ನು ಎಲ್ಲರಿಗೂ ತೆರೆದಿಟ್ಟರು. ಒಂದು ಕೋರಿಕೆಗೆ ತಂದ ಡೇಟಾವನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ. ಆ ನೆನಪನ್ನು ಉಳಿಸಿಟ್ಟುಕೊಂಡರೆ ಅದೇ ಲೆಕ್ಕವನ್ನು ಆಮೇಲೆ ಹಾಗೆಯೇ ಮತ್ತೆ ನಡೆಸಬಹುದು. ಅವನ್ ದೀಪದ ಉಪಾಯವೇ ಇದು, ದೊಡ್ಡ ಪ್ರಮಾಣದಲ್ಲಿ.

ಪ್ರತ್ಯುದಾಹರಣೆ ಎಂಬ ಸಾಕ್ಷಿ

ನಮ್ಮ ಟೆಸ್ಟಿಗೆ ಮರಳೋಣ. ದೂರು ಬಂದ ಮೇಲೆ ನಾನು ಆ ಟೆಸ್ಟಿನ ಹಳೆಯ ಲಾಗ್ ತೆಗೆದು ನೋಡಿದೆ. ಕ್ವಿಕ್‌ಚೆಕ್ ಸುಮ್ಮನೆ "ತಪ್ಪು" ಅನ್ನುವುದಿಲ್ಲ. ತಪ್ಪು ತೋರಿಸುವ ಉದಾಹರಣೆ ಸಿಕ್ಕಿದ ಮೇಲೆ ಅದನ್ನು ಕುಗ್ಗಿಸುತ್ತಾ ಹೋಗುತ್ತದೆ. ಇನ್ನೂ ಚಿಕ್ಕದು ಮಾಡಿದರೂ ತಪ್ಪು ಉಳಿಯುತ್ತದೆಯೇ, ಇನ್ನೂ ಚಿಕ್ಕದು? ಇದಕ್ಕೆ ಶ್ರಿಂಕಿಂಗ್ ಎನ್ನುತ್ತಾರೆ. ಏಳೂಕಾಲು ಗಂಟೆಯ ಪಾಳಿಯಿಂದ ಶುರುವಾಗಿ ಅದು ಕೊನೆಗೆ ನಿಂತದ್ದು ಇಲ್ಲಿ: 2013ರ ನವೆಂಬರ್ 3, ಬೆಳಗಿನ ಜಾವ 1 ಗಂಟೆ 59 ನಿಮಿಷಕ್ಕೆ ಬಂದು ಒಂದೇ ಒಂದು ನಿಮಿಷ ದುಡಿದವನು. ಅವನು ಹೊರಡುವಾಗ ಗೋಡೆ ಗಡಿಯಾರದಲ್ಲಿ 1 ಗಂಟೆ. ಪ್ರೋಗ್ರಾಂನ ಉತ್ತರ: ಮೈನಸ್ 59 ನಿಮಿಷ. ಒಂದು ನಿಮಿಷ ದುಡಿದ ತಪ್ಪಿಗೆ ಬಡಪಾಯಿ ಕಂಪನಿಗೆ 59 ನಿಮಿಷ ಸಾಲಗಾರನಾಗಿದ್ದ!

ಈ ಒಂದು ಸಾಲನ್ನು ಯಾರಾದರೂ ಓದಿದ್ದರೆ ಚರ್ಚೆಯೇ ಬೇಕಿರಲಿಲ್ಲ. ಗೋಡೆ ಗಡಿಯಾರದ ಸಮಯ ಇಟ್ಟುಕೊಂಡು ಕಳೆಯಬಾರದು, ಪಂಚ್ ಮಾಡಿದ ಕ್ಷಣವನ್ನು ಯುಟಿಸಿಯಲ್ಲಿ ಇಡಬೇಕು ಎಂದು ಅದೇ ಹೇಳುತ್ತಿತ್ತು. ನಾವು ಕೊನೆಗೆ ಮಾಡಿದ ತಿದ್ದುಪಡಿಯೂ ಅದೇ. ಆ ಸಾಲು ಲಾಗ್‌ನಲ್ಲಿ ಒಂದಲ್ಲ ಹಲವು ಸಲ ಅಚ್ಚಾಗಿತ್ತು. ನಾವು ಕೆಂಪು ಗುರುತು ನೋಡಿದೆವು, ಕೆಳಗೆ ಬರೆದದ್ದನ್ನು ಓದಲಿಲ್ಲ.

ಲಾಗ್‌ನಲ್ಲಿ ಇನ್ನೊಂದು ವಸ್ತುವೂ ಇರುತ್ತದೆ, ಸೀಡ್. ಯಾದೃಚ್ಛಿಕ ಉದಾಹರಣೆಗಳು ಹುಟ್ಟುವುದು ಒಂದು ಬೀಜ ಸಂಖ್ಯೆಯಿಂದ. ಅದೇ ಸೀಡ್ ಕೊಟ್ಟರೆ ಅವೇ ನೂರು ಉದಾಹರಣೆ ಅದೇ ಕ್ರಮದಲ್ಲಿ ಬರುತ್ತವೆ. ಎಚ್‌ಸ್ಪೆಕ್ ಬಳಸುವವರಿಗೆ ಸೀಡ್ ಎಂಬ ಆಯ್ಕೆ ಇದೆ, ಟೇಸ್ಟಿ ಬಳಸುವವರಿಗೆ ಕ್ವಿಕ್‌ಚೆಕ್ ರೀಪ್ಲೇ ಎಂಬುದಿದೆ. ಹಾಗಾಗಿ "ಮತ್ತೆ ಓಡಿಸಬೇಡಿ" ಎಂದು ನಾನು ಹೇಳುತ್ತಿಲ್ಲ. ಮತ್ತೆ ಓಡಿಸಿ, ಆದರೆ ಅದೇ ಸೀಡ್‌ನಿಂದ ಓಡಿಸಿ. ಆಗಲೂ ಕೆಂಪು ಬಂದರೆ ಅದು ನಿಜವಾದ ತಪ್ಪು. ಅದೇ ಸೀಡ್‌ಗೆ ಹಸಿರು ಬಂದರೆ ಶುದ್ಧ ಎಂದುಕೊಂಡ ಕೋಡ್‌ನೊಳಗೆ ಎಲ್ಲೋ ಹವೆ ನುಗ್ಗಿದೆ ಎಂದರ್ಥ. ಅದೂ ಹುಡುಕಬೇಕಾದ ವಿಷಯವೇ.

ನಮ್ಮ ಹೆಸರುಗಳು ಪರೀಕ್ಷೆಯಲ್ಲಿ ಇವೆಯೇ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಯಾದೃಚ್ಛಿಕ ಎಂದರೆ ಎಲ್ಲವೂ ಎಂದಲ್ಲ. ಉದಾಹರಣೆ ಹುಟ್ಟಿಸುವ ಜನರೇಟರ್ ಏನನ್ನು ಹುಟ್ಟಿಸುವುದಿಲ್ಲವೋ ಅದನ್ನು ಟೆಸ್ಟ್ ಎಂದೂ ನೋಡುವುದಿಲ್ಲ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರಯಾನ್ ಒ'ಸಲ್ಲಿವನ್ ಮತ್ತು ಡೇವಿಡ್ ಮಾಜಿಯೇರ್ ಹ್ಯಾಸ್ಕೆಲ್ ಬಗ್ಗೆ ಒಂದು ಕೋರ್ಸ್ ನಡೆಸಿದರು. ಹ್ಯಾಸ್ಕೆಲ್‌ನವರು ಬಳಸುವ ಟೆಕ್ಸ್ಟ್ ಲೈಬ್ರರಿಯನ್ನು ಬೆಳೆಸಿದವರು ಒ'ಸಲ್ಲಿವನ್. ಅಲ್ಲಿ ಟೆಸ್ಟಿಂಗ್ ಪಾಠಕ್ಕೆ ತೆಗೆದುಕೊಂಡ ಉದಾಹರಣೆಯೇ ಅಕ್ಷರಗಳನ್ನು 16 ಬಿಟ್ ಸಂಖ್ಯೆಗಳಾಗಿ ಬದಲಿಸುವುದು. ಪ್ರತಿ ಅಕ್ಷರಕ್ಕೂ ಒಂದೇ ಸಂಖ್ಯೆ ಸಾಕು ಎಂಬ ತಪ್ಪು ನಿಯಮ ಕೊಟ್ಟರೂ ಟೆಸ್ಟ್ ಪಾಸಾಗುತ್ತಿತ್ತು. ಜನರೇಟರ್ ಹುಟ್ಟಿಸುತ್ತಿದ್ದದ್ದು ಚಿಕ್ಕ ಸಂಖ್ಯೆಯ, ಹೆಚ್ಚುಕಡಿಮೆ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ. ದೊಡ್ಡ ಸಂಖ್ಯೆಯ ಅಕ್ಷರಗಳನ್ನೂ ಹುಟ್ಟಿಸಿದ ಮೇಲೆಯೇ ತಪ್ಪು ಹೊರಬಿದ್ದದ್ದು.

ನಮಗೆ ಇದು ದೂರದ ಮಾತಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ 128 ಸ್ಥಾನ. ನಿಮ್ಮ ಜನರೇಟರ್ ಅಲ್ಲಿಗೆ ಬರುತ್ತದೆಯೇ ನೋಡಿ. "ಕನ್ನಡ" ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ಗೆ ಐದು ಸಂಕೇತ: ಕ, ನ, ವಿರಾಮ ಚಿಹ್ನೆ, ನ, ಡ. ಯುಟಿಎಫ್-8ರಲ್ಲಿ 15 ಬೈಟ್. ಉದ್ದ ಎಷ್ಟು ಎಂದು ಕೇಳಿದರೆ ಮೂರು ಉತ್ತರ, ಮೂರೂ ಸರಿ.

ಹಿಂದೊಮ್ಮೆ ಮಕ್ಕಳ ಕನ್ನಡ ತರಗತಿಯ ಪ್ರಮಾಣಪತ್ರ ಅಚ್ಚು ಹಾಕಲು ನಾವು ನಾಲ್ಕು ಜನ ಸೇರಿ ಒಂದು ಸಣ್ಣ ಪ್ರೋಗ್ರಾಂ ಬರೆದೆವು. ಉದ್ದದ ಹೆಸರನ್ನು ಚೀಟಿಯಲ್ಲಿ ಹಿಡಿಸುವಷ್ಟು ಮೊಟಕು ಮಾಡಬೇಕಿತ್ತು. ಐದು ಸಂಕೇತಕ್ಕೆ ಕತ್ತರಿಸು ಎಂದರೆ "ಲಕ್ಷ್ಮೀದೇವಿ" ಎಂಬ ಹುಡುಗಿ "ಲಕ್ಷ್" ಆಗುತ್ತಿದ್ದಳು. ಒತ್ತಕ್ಷರದ ನಡುವೆಯೇ ಕತ್ತರಿ. ಸರಿ, "ಮೊಟಕಾದ ಹೆಸರು ವಿರಾಮ ಚಿಹ್ನೆಯಲ್ಲಿ ಮುಗಿಯಬಾರದು" ಎಂದು ನಿಯಮ ಬರೆದು, ನಿಜವಾದ ಹೆಸರುಗಳನ್ನೂ ಜನರೇಟರ್‌ಗೆ ಸೇರಿಸಿ ಓಡಿಸಿದೆ. ಕೆಂಪು. ಪ್ರತ್ಯುದಾಹರಣೆ ಯಾವುದು ಗೊತ್ತೇ? "ಸುರೇಶ್". ಮೊಟಕು ಮಾಡುವ ಅಗತ್ಯವೇ ಇಲ್ಲದ, ತಾನಾಗಿ ವಿರಾಮದಲ್ಲಿ ಮುಗಿಯುವ ಹೆಸರು. ಈ ಸಲ ತಪ್ಪಿದ್ದದ್ದು ಕೋಡ್‌ನಲ್ಲಲ್ಲ, ನನ್ನ ನಿಯಮದಲ್ಲಿ. "ಕತ್ತರಿ ಬೀಳುವ ಜಾಗ ಒಂದು ಅಕ್ಷರದ ಒಳಗಿರಬಾರದು" ಎಂದು ತಿದ್ದಿದೆ. ಟೆಸ್ಟ್ ಬರೆಯುತ್ತಾ ನಮ್ಮ ಭಾಷೆಯ ಬಗ್ಗೆಯೇ ಒಂದು ಪಾಠವಾಯಿತು.

ಇನ್ನೊಂದು ಹೆಸರು "ಶೋಭಾ". ಓ ಸ್ವರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎ, ಊ ಚಿಹ್ನೆಗಳು ಮತ್ತು ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು. ಎರಡೂ ಸಿಂಧು, ಪರದೆಯ ಮೇಲೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ನಾಲ್ಕು ಸಂಕೇತ, ಎರಡನೆಯದರಲ್ಲಿ ಆರು. ಹಳೆಯ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಫೈಲಿನ ಹೆಸರನ್ನು ತುಂಡು ಮಾಡಿಯೇ ಇಡುತ್ತಿತ್ತು. ಫೈಲಿನ ಹೆಸರಿನಿಂದ ಬಂದ ಶೋಭಾ ಬೇರೆ, ಕೀಲಿಮಣೆಯಲ್ಲಿ ಟೈಪ್ ಮಾಡಿದ ಶೋಭಾ ಬೇರೆ ಎಂದು ಕಂಪ್ಯೂಟರ್ ತೀರ್ಮಾನಿಸಿದರೆ ಆ ಮಗುವಿಗೆ ಪ್ರಮಾಣಪತ್ರ ಸಿಗುವುದಿಲ್ಲ. "ಒಂದೇ ಹೆಸರಿನ ಎರಡೂ ರೂಪಗಳು ಸಮ ಎನಿಸಬೇಕು" ಎಂಬ ನಿಯಮ ಒಂದು ಸಾಲಿನದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದೇ ಅದಕ್ಕೆ ಪರಿಹಾರ. ಆದರೆ ಆ ಸಾಲನ್ನು ಬರೆಯಬೇಕು ಎಂದು ಹೊಳೆಯುವುದು ನಮಗೆ. ನಿಮ್ಮ ಆಫೀಸಿನ ಪ್ರೋಗ್ರಾಂ ಜನರ ಹೆಸರನ್ನು ಮುಟ್ಟುವುದಾದರೆ, ನಿಮ್ಮ ಅಜ್ಜಿಯ ಹೆಸರನ್ನು ಕನ್ನಡದಲ್ಲೇ ಜನರೇಟರ್‌ಗೆ ಸೇರಿಸಿ. ಹಸಿರು ಎಲ್ಲರಿಗೂ ಹಸಿರಾಗಿರಲಿ.

ಸೋಮವಾರದ ಕೆಲಸ

ಮೂರನೆಯ ಷರತ್ತಿಗೆ ಬಂದೆ. ಐದೇ ಮಾತು.

ಮೊದಲನೆಯದು, ಸೂಟ್ ನಿಜವಾಗಿ ಓಡುತ್ತಿದೆಯೇ ನೋಡಿ. ಟೆಸ್ಟ್ ಪಾಸೋ ಫೇಲೋ ಎಂದು ಯಂತ್ರಕ್ಕೆ ತಿಳಿಯುವುದು ಪ್ರೋಗ್ರಾಂ ಮುಗಿಯುವಾಗ ಕೊಡುವ ಒಂದು ಸಂಖ್ಯೆಯಿಂದ. ಸೊನ್ನೆ ಎಂದರೆ ಸರಿ, ಬೇರೆ ಏನಾದರೂ ತಪ್ಪು. ಟೆಸ್ಟಿನ ಹೊರಸುರಿಯನ್ನು ಪೈಪ್ ಮೂಲಕ ಲಾಗ್ ಫೈಲಿಗೆ ಕಳಿಸಿದರೆ ಶೆಲ್ ನೋಡುವುದು ಪೈಪಿನ ಕೊನೆಯ ಕಮಾಂಡಿನ ಸಂಖ್ಯೆಯನ್ನು. ಲಾಗ್ ಬರೆಯುವುದು ಯಶಸ್ವಿಯಾಯಿತು, ಆದ್ದರಿಂದ ಹಸಿರು! ಬ್ಯಾಷ್‌ನಲ್ಲಿ ಪೈಪ್‌ಫೇಲ್ ಎಂಬ ಆಯ್ಕೆ ಹಾಕಿದರೆ ಇದು ತಪ್ಪುತ್ತದೆ. ಪರೀಕ್ಷಿಸಲು ಸುಲಭದ ದಾರಿ: ಬೇಕೆಂದೇ ಒಂದು ತಪ್ಪು ಮಾಡಿ ಬೇರೆ ಶಾಖೆಯಲ್ಲಿ ಕಳಿಸಿ. ಕೆಂಪು ಬರದಿದ್ದರೆ ಇಷ್ಟು ದಿನದ ಹಸಿರಿಗೆ ಅರ್ಥವಿಲ್ಲ.

ಎರಡನೆಯದು, ಶುದ್ಧ ಮತ್ತು ಅಶುದ್ಧ ಟೆಸ್ಟ್‌ಗಳನ್ನು ಬೇರೆ ಬೇರೆ ಸೂಟ್ ಮಾಡಿ. ಕ್ಯಾಬಲ್‌ನಲ್ಲಿ ಒಂದೇ ಪ್ಯಾಕೇಜಿಗೆ ಎಷ್ಟು ಟೆಸ್ಟ್ ಸೂಟ್ ಬೇಕಾದರೂ ಇರಬಹುದು. ಶುದ್ಧವಾದದ್ದು ಪ್ರತಿ ಬದಲಾವಣೆಗೂ ಓಡಲಿ, ಅದಕ್ಕೆ "ಮತ್ತೆ ಓಡಿಸು" ಗುಂಡಿಯ ಅವಕಾಶವೇ ಬೇಡ. ನೆಟ್‌ವರ್ಕ್ ಮುಟ್ಟುವುದಕ್ಕೆ ಬೇಕಾದರೆ ಒಂದು ಅವಕಾಶ ಕೊಡಿ, ಆದರೆ ಎಷ್ಟು ಸಲ ಬಿತ್ತು ಎಂದು ಎಣಿಸಿಡಿ.

ಮೂರನೆಯದು, ಹಗಲಿಗೆ ನೂರು, ರಾತ್ರಿಗೆ ಹತ್ತು ಸಾವಿರ. ನೂರು ಉದಾಹರಣೆಗೆ ಆರರಲ್ಲಿ ಒಮ್ಮೆ ಸಿಕ್ಕ ನಮ್ಮ ತಪ್ಪು ಹತ್ತು ಸಾವಿರಕ್ಕೆ ಪ್ರತಿ ರಾತ್ರಿಯೂ ಸಿಗುತ್ತಿತ್ತು. ಪ್ರತಿ ರಾತ್ರಿ ಬೀಳುವ ಟೆಸ್ಟನ್ನು ಯಾರೂ ಚಂಚಲ ಎನ್ನುವುದಿಲ್ಲ.

ನಾಲ್ಕನೆಯದು, ಸಿಕ್ಕ ಪ್ರತ್ಯುದಾಹರಣೆಯನ್ನು ಬಿಸಾಡಬೇಡಿ. ಸರಿಪಡಿಸಿದ ಮೇಲೆ ಅದನ್ನೇ ಒಂದು ಸಾಮಾನ್ಯ ಟೆಸ್ಟ್ ಮಾಡಿ ಸೇರಿಸಿ. 1 ಗಂಟೆ 59 ನಿಮಿಷಕ್ಕೆ ಬಂದ ಆ ಬಡಪಾಯಿ ನಮ್ಮ ಸೂಟ್‌ನಲ್ಲಿ ಕಂಪನಿ ಮುಚ್ಚುವವರೆಗೂ ದಿನವೂ ಒಂದು ನಿಮಿಷ ದುಡಿದ.

ಐದನೆಯದು, ಲಾಗ್ ಓದಿ. ಗುಂಡಿ ಒತ್ತುವ ಮೊದಲು ಓದಿ.

ಕೊನೆಯ ಮಾತು

ಇಷ್ಟು ವರ್ಷದ ಮೇಲೆ ಯೋಚಿಸಿದರೆ, ಆ ಸಂಜೆ ನಾನು ಗುಂಡಿ ಒತ್ತಿದ್ದು ತಾಂತ್ರಿಕ ಅಜ್ಞಾನದಿಂದ ಅಲ್ಲ. ಏನೋ ಸರಿಯಿಲ್ಲ ಎಂದು ಅನಿಸಿತ್ತು. ಆದರೆ ಹೊಸಬ, ವೀಸಾ ಕಂಪನಿಯ ಕೈಯಲ್ಲಿ, ಹಿರಿಯರು ಹೇಳಿದ ಮೇಲೆ ಎದುರು ಮಾತಾಡುವುದು ನಾವು ಬೆಳೆದ ರೀತಿಯೂ ಅಲ್ಲ. ಇಲ್ಲಿರುವ ಕಿರಿಯರಲ್ಲಿ ಹಲವರು ಇಂದು ಅದೇ ಜಾಗದಲ್ಲಿದ್ದೀರಿ ಎಂದು ನನಗೆ ಗೊತ್ತು. ಕೆಲಸ ಹೋದರೆ ಮಗುವಿನ ಶಾಲೆ, ಮನೆಯ ಬಾಡಿಗೆ, ಊರಿಗೆ ಕಳಿಸುವ ಹಣ, ಎಲ್ಲ ಕಣ್ಣ ಮುಂದೆ ಬರುತ್ತದೆ.

ನಿಮಗೆ ಧೈರ್ಯ ಮಾಡಿ ಎಂದು ಸುಲಭವಾಗಿ ಹೇಳಲಾರೆ. ಆದರೆ ಇದನ್ನು ಹೇಳಬಲ್ಲೆ: "ನನಗೆ ಅನ್ನಿಸುತ್ತೆ, ಇದು ತಪ್ಪಿರಬಹುದು" ಎಂದು ಹೇಳುವುದಕ್ಕೆ ಧೈರ್ಯ ಬೇಕು. "ಈ ಸೀಡ್ ಕೊಟ್ಟು ಓಡಿಸಿ ನೋಡಿ, ಒಂದು ನಿಮಿಷ ದುಡಿದವನಿಗೆ ಮೈನಸ್ 59 ಬರುತ್ತಿದೆ" ಎಂದು ಹೇಳುವುದಕ್ಕೆ ಅಷ್ಟು ಬೇಕಾಗುವುದಿಲ್ಲ. ಅಲ್ಲಿ ವಾದಕ್ಕೆ ನಿಂತಿರುವುದು ನೀವಲ್ಲ, ಉದಾಹರಣೆ. ಯಾರು ಓಡಿಸಿದರೂ ಅದೇ ಉತ್ತರ. ನಿಮ್ಮ ಇಂಗ್ಲಿಷ್ ಹೇಗಿದೆ, ನೀವು ಕಂಪನಿ ಸೇರಿ ಎಷ್ಟು ದಿನವಾಯಿತು ಎಂದು ಅದು ಕೇಳುವುದಿಲ್ಲ.

ಆ ಕಾವಲುಗಾರರನ್ನು ನಾನು ಎಂದೂ ಭೇಟಿಯಾಗಲಿಲ್ಲ. ಅವರ ಬಳಿ ಹ್ಯಾಸ್ಕೆಲ್ ಇರಲಿಲ್ಲ, ಕ್ವಿಕ್‌ಚೆಕ್ ಇರಲಿಲ್ಲ. ಒಂದು ನೋಟ್‌ಬುಕ್ ಇತ್ತು, ತಾನು ಎಷ್ಟು ಹೊತ್ತು ನಿಂತಿದ್ದೆ ಎಂಬುದು ಖಚಿತವಾಗಿ ಗೊತ್ತಿತ್ತು. ನಮ್ಮ ಸೂಟ್ ಮತ್ತು ಅವರ ನೋಟ್‌ಬುಕ್ ಎರಡೂ ಹೇಳಿದ್ದು ಒಂದೇ. ಅವರ ಮಾತು ಕೇಳುವ ಮೊದಲೇ ನಮ್ಮದನ್ನು ಕೇಳಿಸಿಕೊಂಡಿದ್ದರೆ ಅವರು ದೂರು ಬರೆಯಬೇಕಾಗಿರಲಿಲ್ಲ.

ಊಟಕ್ಕೆ ಹೊತ್ತಾಯಿತು, ಎರಡನೆಯ ಷರತ್ತೂ ನೆನಪಿದೆ.